ಹನ್ನೆರಡನೇ ಪುಟ

ಉದ್ಯಮಿಗಳ ಕೂಟದ ಕಾರ್ಯದರ್ಶಿ ಅಕ್ಕನವರಿಗೆ ನಮಸ್ಕಾರ.

ಅಲ್ಪಸಂಖ್ಯಾತ ಉದ್ಯಮಿಗಳಿಗೆ ಪ್ರೋತ್ಸಾಹವೆಂದು ನೀವು ಕೂಟದಲ್ಲಿ ಹಂಚಿದ ಕೈಪಿಡಿಯಲ್ಲಿ ನಮ್ಮವರ ಅಂಗಡಿಗಳ ವಿಳಾಸ, ಫೋಟೊ ಎಲ್ಲವೂ ಸ್ಪಷ್ಟವಾಗಿವೆ. "ನೋಡ್ತಿರಿ, ಜನ ಹುಡುಕ್ಕೊಂಡು ಬರ್ತಾರೆ" ಅಂದಿದ್ದಿರಿ. ನಿನ್ನೆ ಬಂದರು, ಒಂದು ಕೈಯಲ್ಲಿ ಅದೇ ಕೈಪಿಡಿ, ಇನ್ನೊಂದರಲ್ಲಿ ಬಡಿಗೆ. ಹೊಲಿಗೆ ಯಂತ್ರಗಳನ್ನು ಪುಡಿ ಮಾಡಿದರು. ಅಡ್ಡ ಹೋದ ತಮ್ಮನ ಕಣ್ಣೊಂದು ಹೋಯಿತು. "ಸೂಜಿಗೆ ದಾರ ಹಾಕೋವಾಗ ಹೇಗಿದ್ರೂ ಒಂದು ಮುಚ್ತಿದ್ದೆ, ಬಿಡಣ್ಣ" ಎನ್ನುತ್ತಾನೆ, ಆಸ್ಪತ್ರೆಯ ಮಂಚದಿಂದ.

ಅವರು ಪುಟದ ಕ್ರಮದಲ್ಲೇ ಬರುತ್ತಿದ್ದಾರೆ. ಮೊನ್ನೆ ಹತ್ತನೇ ಪುಟದ ಚಪ್ಪಲಿ ಅಂಗಡಿ, ನಿನ್ನೆ ನಮ್ಮದು. ಹನ್ನೆರಡನೇ ಪುಟದ ಬೇಕರಿಯಾಕೆ ಮೂರು ಮಕ್ಕಳೊಂದಿಗೆ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದಾರೆ. ದಯವಿಟ್ಟು ಇವತ್ತೇ ಅವರನ್ನು ನಿಮ್ಮ ಮನೆಗೆ ಕರೆದೊಯ್ಯಿರಿ. ಕೈಪಿಡಿಯಲ್ಲಿ ಇಲ್ಲದ ವಿಳಾಸ ನನಗೆ ಗೊತ್ತಿರುವುದು ಅದೊಂದೇ.

ಇಂತಿ,
ಹನ್ನೊಂದನೇ ಪುಟದ ದರ್ಜಿ