ಬಿಸಿಲಿಗೆ ಹಾಕಿದ ಅಲಸಂದೆ

ಕಾಗದನಗರ, ಭದ್ರಾವತಿ
ಜೂನ್ ೨೯, ೨೦೨೫

ಪ್ರೀತಿಯ ಶಾಂಭವಿ,

ಅಲ್ಲ ಮಾರಾಯ್ತಿ, ನೆರಳಲ್ಲೇ ಒಣಗಿಸಬೇಕು ಅನ್ನುವ ಮಾತು ನಿನ್ನ ವಿಡಿಯೊದಲ್ಲಿ ಎಲ್ಲಿತ್ತು? ನಾನಿನ್ನೂ ಆ ಪ್ರಶ್ನೆಯಲ್ಲೇ ನಿಂತಿದ್ದೇನೆ. ಚೆನ್ನಾಗಿದ್ದೀಯಾ? ವಿದ್ಯಾನಗರದ ಹೊಸ ಮನೆ ನಿಮ್ಮಮ್ಮನಿಗೆ ಒಗ್ಗಿತಾ? ತಡವಾಯಿತು, ಬೈಯಬೇಡ. ಕುಂಡದ ಗಿಡ ಕಿತ್ತು ನೋಡುವ ತನಕ ಬರೆಯಬಾರದು ಅಂತ ಹಟ ಹಿಡಿದಿದ್ದೆ. ವಾಟ್ಸಾಪಿನಲ್ಲಿ ನೀಲಿ ಗೆರೆ ಬಿಟ್ಟರೆ ನಿನ್ನಿಂದ ಏನೂ ಬರುವುದಿಲ್ಲ, ಅದಕ್ಕೇ ಕಾಗದ.

ನೀನು ಹೇಳಿದ ಹಾಗೇ ಬೆಲ್ಲದ ಪಾಕ ಆರಿಸಿ, ರೈಜೋಬಿಯಂ ಬ್ಯಾಕ್ಟೀರಿಯಾದ ಪುಡಿ ಕಲಸಿ, ಅಲಸಂದೆ ಬೀಜಕ್ಕೆ ಹಚ್ಚಿದೆ. ‘ಚೆನ್ನಾಗಿ ಒಣಗಿಸಿ’ ಅಂದೆ ನೀನು. ನಮ್ಮ ಮನೆಯಲ್ಲಿ ಒಣಗಿಸುವುದು ಅಂದರೆ ತಾರಸಿ. ಅಮ್ಮಿ ಶಾವಿಗೆ ಪಕ್ಕದಲ್ಲೇ ಹಳೆ ದುಪಟ್ಟಾ ಹಾಸಿ, “ಒಳ್ಳೆ ಬಿಸಿಲೈತೆ, ಇಲ್ಲೇ ಹರಡು” ಅಂದರು. ಬೀಜ ಎಲ್ಲ ಮೊಳೆಯಿತು. ಆದರೆ ಗಿಡ ಹಳದಿ, ಆ ಬ್ಯಾಕ್ಟೀರಿಯಾ ಬೇರಿನಲ್ಲಿ ಕಟ್ಟಬೇಕಾದ ಗಂಟು ಒಂದೂ ಇಲ್ಲ.

ಗಿಡದ ಫೋಟೊ ಹಾಕಿದ್ದಕ್ಕೆ ನಿನ್ನ ಚಾನೆಲ್ಲಿನ ಗ್ರೂಪಿನಲ್ಲಿ ಏನು ಬರೆದೆ? ‘ಕ್ವಾರ್ಟರ್ಸ್ ಮಣ್ಣು, ಸತ್ತ ಮಣ್ಣು. ತೆಗೆದುಹಾಕಿ ಹೊಸದು ತುಂಬಿಸಿ.’ ಸತ್ತ ಮಣ್ಣಂತೆ! ಅಮ್ಮಿ ಮದುವೆಯಾಗಿ ಬಂದಾಗಿನಿಂದ ಚಹಾ ಚರಟ, ಮೇಕೆ ಗೊಬ್ಬರ ಹಾಕಿ ಸಾಕಿದ ಮಣ್ಣು ಅದು. ಅಬ್ಬಾ ನಿನ್ನ ಮಾತು ನಂಬಿ ಹೊಳೆಹೊನ್ನೂರಿನಿಂದ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣಿಗೆ ಹೇಳಿಬಿಟ್ಟಿದ್ದಾರೆ. ಶುಕ್ರವಾರ ಬರುತ್ತದೆ. ಹಳೇದನ್ನೆಲ್ಲ ಅಗೆದು ಎಸೆಯುತ್ತಾರಂತೆ.

ನಾನು ಸುಮ್ಮನಿರಲಿಲ್ಲ. ನನಗೆ ಬಿಸಿಲಿನ ಮೇಲೇ ಅನುಮಾನ. ಅದೇ ಮಣ್ಣನ್ನು ಎರಡು ಕುಂಡಕ್ಕೆ ತುಂಬಿದೆ. ಒಂದಕ್ಕೆ ಬಿಸಿಲಲ್ಲಿ ಒಣಗಿಸಿದ ಬೀಜ, ಇನ್ನೊಂದಕ್ಕೆ ಅಡುಗೆಮನೆ ಶೆಲ್ಫಿನಲ್ಲಿ ನೆರಳಿಗೆ ಇಟ್ಟಿದ್ದು. ನಿನ್ನೆ ಕಿತ್ತೆ. ಬಿಸಿಲಿನದು ಬೋಳು ಬೇರು. ನೆರಳಿನದರ ತುಂಬ ಗಂಟು! ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ, ಅಂದರೆ ಗಂಟು ಕೆಲಸ ಮಾಡುತ್ತಿದೆ. ನಾನು ಕಿರುಚಿದ್ದಕ್ಕೆ ಅಮ್ಮಿ ಪೊರಕೆ ಹಿಡಿದು ಓಡಿ ಬಂದರು: “ಎಲ್ಲೇ ಹಾವು?”

ಮೊಳಕೆ ಬೇರು ಒಸರುವ ರಸಕ್ಕೆ ಬ್ಯಾಕ್ಟೀರಿಯಾ ಬರುತ್ತವೆ, ಬೇರು ಅವಕ್ಕೆ ದಾರಿ ಬಿಡುತ್ತದೆ ಅಂತ ಕಲಿಸಿದವಳೇ ನೀನು. ಆ ವಿಡಿಯೊ ನನಗೆ ಬಾಯಿಪಾಠ. ಬರಬೇಕಾದವನ್ನು ಬಿಸಿಲಲ್ಲಿ ಸುಟ್ಟು, ಆಮೇಲೆ ಮಣ್ಣಿಗೆ ಬೈದರೆ ಹೇಗೆ?

ಬೇರು ತೋರಿಸಿದರೆ ಅಬ್ಬಾ, “ಅವಳು ಕಾಲೇಜಲ್ಲಿ ಓದಿದೋಳು, ನೀನು ಮೊಬೈಲಲ್ಲಿ. ಅವಳೇ ಹೇಳ್ಲಿ, ನಿಲ್ಲಿಸ್ತೀನಿ” ಅನ್ನುತ್ತಾರೆ. ಶುಕ್ರವಾರದೊಳಗೆ ಒಂದು ಫೋನ್ ಮಾಡು. ಗ್ರೂಪಿನಲ್ಲೂ ತಪ್ಪು ತಿದ್ದು.

ನಿನ್ನ ಚಾನೆಲ್ ಬೆಳೆಯಲಿ, ನೀನೂ ಚೆನ್ನಾಗಿರು. ಸಿಟ್ಟಿನಲ್ಲೂ ನನ್ನ ದುವಾ ಇದೇ.

ನಿನ್ನ
ಸುಮೇರಾ

ಮರೆತಿದ್ದೆ: ಮಣ್ಣಿಗೆ ಬೈದದ್ದನ್ನಾದರೂ ನುಂಗಿಕೊಂಡೇನು. ‘ಭದ್ರಾವತಿಯ ಯಾರೋ ಒಬ್ಬ ವೀಕ್ಷಕರು’ ಅಂತ ಬರೆದೆಯಲ್ಲ ನನ್ನನ್ನು! ಒಂದೇ ಗೋಡೆಯ ಆಚೆ ಈಚೆ ಬೆಳೆದವರು ನಾವು. ನಿನ್ನ ಮೊದಲ ಗಿಡ ಬಂದದ್ದೂ ಇದೇ ಮಣ್ಣಿನಲ್ಲಿ. ಗ್ರೂಪಿನಲ್ಲಿ ನೀನು ಬರೆದದ್ದನ್ನು ಅಮ್ಮಿಗೆ ಓದಿ ಹೇಳುವಾಗ ಆ ಸಾಲು ಹಾರಿಸಿದೆ. ಅವರು ಬಿಡಬೇಕಲ್ಲ: “ನಮ್ ಹೆಸ್ರು ಹಾಕಿದಾಳೇನೆ?” ಅಂತ ಕೇಳುತ್ತಲೇ ಇದ್ದಾರೆ. ಅವರಿಗೆ ನಾನು ಏನು ಹೇಳಲಿ? ಅದನ್ನು ಬರೆದು ತಿಳಿಸುವ ಧೈರ್ಯ ನಿನಗಿದೆಯಾ?