ಅವನ ಮಾತಿಗೆ ನನ್ನ ಬಾಯಿ

ಹನೂರು, ಗುರುವಾರ, 13 ನವೆಂಬರ್ 2025

ಕೊಳ್ಳೇಗಾಲದಲ್ಲಿ ಇವತ್ತು ಸಾರಮ್ಮತ್ತೆಯ ಕಾಲ್ಬೆರಳು ಕತ್ತರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತಂತೆ. ಯಾಕೆಂದು ಕೇಳಿದೆ.

"ನೀನೇ ಅಲ್ವೇನವ್ವ ಪ್ರಾರ್ತನೆ ಕೂಟದಲ್ಲಿ ಏಳಿದ್ದು, ಮಾತ್ರೆ ನುಂಗೋರ್ಗೆ ಇಸ್ವಾಸ ಇಲ್ಲ ಅಂತ?"

ಹೇಳಿದ್ದು ಹೊರಗಿನಿಂದ ಬರುವ ಬೋಧಕ ಬ್ರದರ್ ಗ್ಲಾಡ್ಸನ್, ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ನಿಂತು ಕನ್ನಡಕ್ಕೆ ತಿರುಗಿಸಿದ್ದು ನಾನು. ಸುಳ್ಳೆಂದು ಆಗಲೇ ಅನ್ನಿಸಿತ್ತೇ? ಅನ್ನಿಸಿತ್ತು. ಅದೇ ದಿನ ಊಟವಾದ ಮೇಲೆ ಅವನು ತನ್ನ ಬಿ.ಪಿ. ಮಾತ್ರೆ ನುಂಗಿದ್ದನ್ನು ಕಂಡೂ ಸುಮ್ಮನಿದ್ದೆ. ವೇದಿಕೆ ಹಿತವಾಗಿತ್ತು.

ಭಾನುವಾರ ಮತ್ತೆ ಬರುತ್ತಾನೆ. ಅವನಿಗೆ ಕನ್ನಡ ಒಂದಕ್ಷರ ಬಾರದು. ಅವನು ಕೈಯೆತ್ತಿ ಕೂಗುವಾಗ ಆ ಬಿ.ಪಿ. ಮಾತ್ರೆಯ ವಿಷಯವನ್ನು, ಅತ್ತೆಯ ಬೆರಳಿನ ವಿಷಯವನ್ನು ನಿಧಾನವಾಗಿ ಸಭೆಗೆ ಹೇಳುತ್ತೇನೆ. ಜನ ಎದ್ದು ಅವನ ಮೇಲೆ ಬರುವವರೆಗೂ ಅವನು ನಗುತ್ತಲೇ ಇರಲಿ.

ನನ್ನ ತಪ್ಪನ್ನೂ ಹೇಳಬೇಕು, ಗೊತ್ತು. ಆದರೆ ಮೊದಲು ಅವನದು.