ತೊಳೆದಿಟ್ಟ ಅಂಗಡಿ

ಮೈಸೂರು, ೧೨-೩-೧೯೫೮

ಭೂಸ್ವಾಧೀನ ಅಧಿಕಾರಿಗಳ ಸನ್ನಿಧಿಗೆ, ಟಾಂಗಾ ಚಕ್ರ ರಿಪೇರಿ ಮಾಡುವ ಜವರಯ್ಯನ ನಮಸ್ಕಾರಗಳು.

ಇದು ನನ್ನ ನಾಲ್ಕನೆಯ ಅರ್ಜಿ. ರಸ್ತೆ ಅಗಲಿಸಲು ನನ್ನ ಅಂಗಡಿಯನ್ನು ತೆಗೆದುಕೊಳ್ಳುತ್ತಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಖಾಲಿ ಕಟ್ಟಡ, ಕಸುಬು ನಡೆಯುತ್ತಿಲ್ಲ’ ಎಂದು ಬರೆದು ಕಸುಬಿನ ಪರಿಹಾರವನ್ನು ತಳ್ಳಿಹಾಕಿದ್ದೀರಿ. ಅದು ಮೂವತ್ತು ವರ್ಷದಿಂದ ಉರಿಯುತ್ತಿರುವ ಕುಲುಮೆ, ಸ್ವಾಮಿ.

ತಾವು ಅಳತೆಗೆ ಬರುವ ಹಿಂದಿನ ದಿನ ನನ್ನ ಹೆಂಡತಿ ಬೋರಮ್ಮ, “ಸಾಹೇಬ್ರು ಬತ್ತಾರೆ ಕಣ್ರೀ, ಇಂಗೇ ಬುಟ್ರೆ ಚೆನ್ನಾಗಿರಕಿಲ್ಲ” ಎಂದಳು. ಚಕ್ರ, ಇದ್ದಿಲು, ತಿದಿ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿ, ನೆಲ ತೊಳೆದು, ರಂಗೋಲಿ ಹಾಕಿದೆವು. ತಾವು ಅದನ್ನು ತುಳಿಯದೆ ದಾಟಿ ಒಳಗೆ ಬಂದಿರಿ; ನೆನಪಿರಬಹುದು.

ದಯಮಾಡಿ ಇನ್ನೊಮ್ಮೆ ಬಂದು ನೋಡಿ. ಯಾವತ್ತು ಬರುತ್ತೀರೆಂದು ಮಾತ್ರ ಮೊದಲೇ ತಿಳಿಸಬೇಡಿ.

ತಮ್ಮ ದಾರಿ ಕಾಯುತ್ತಿರುವ,
ಜವರಯ್ಯ